ಗೊತ್ತಿಲ್ಲದಿದ್ದರೆ ಬೇಡವೆನ್ನಿ

ಸಂತೇಪೇಟೆಯ ಗ್ರಂಧಿಗೆ ಅಂಗಡಿಯ ಮೇಲೆ
ನನ್ನ ಬಾಡಿಗೆಯ ಅಟ್ಟ.
ಕೆಳಗೆ ಕುಟ್ಟುತ್ತಿರುವುದು ಬಜೆಯೋ ಕಚೋರವೋ
ಮೂಗೇ ಹೇಳುತ್ತದೆ, ಕಿಟಕಿ ತೆರೆಯಬೇಕಿಲ್ಲ.
ತಿಂಗಳಿಂದ ಕರ್ನಲ್ಲಿನ ಒಂದೇ ಒಂದು ಪಟ್ಟಿ ತಿದ್ದುತ್ತ ಕೂತಿದ್ದೇನೆ,
ಫೈಲ್ ಸಿಸ್ಟಮ್ಮುಗಳದ್ದು:
ಯಾವುದು ಬೇಕು, ಯಾವುದು ಬೇಡ,
ಯಾವುದು ಕರೆದಾಗ ಬಂದರೆ ಸಾಕು.

ಬಂದಬಂದವರು ಸಿಕ್ಕ ಸಂದಿನಲ್ಲಿ
ಸಿಕ್ಕಿಸಿ ಹೋದ ಸಾಲುಗಳು.
ಡಿಸ್ಕಿನ ಮೇಲೆ ಗಟ್ಟಿಯಾಗಿ ಕೂತದ್ದರ ಪಕ್ಕ
ಬರೀ ಮೆಮೊರಿಯಲ್ಲಿ ಹುಟ್ಟಿ
ಕರೆಂಟು ಹೋದರೆ ಸಾಯುವುದು.
ತಂತಿಯಲ್ಲಿ ದೂರದಿಂದ ಬರುವುದರ ಮಗ್ಗುಲಿಗೆ
ಯಾರೂ ಮುಟ್ಟದ ಅಮಿಗಾ.
ಸಿ.ಡಿ.ಗೊಂದು ಪ್ರತ್ಯೇಕ ಮೆನು, ಒಳಗೆ ಎರಡೇ ತಲೆ,
ಛತ್ರ ಹಿಡಿದು ಇಬ್ಬರೇ ಉಂಡ ಹಾಗೆ.
ಪ್ರತಿಯೊಂದರ ಕೆಳಗೂ ನಾಲ್ಕು ಸಾಲು ವಿವರ,
ಕೊನೆಗೆ ಅದೇ ಬುದ್ಧಿವಾದ:
ಗೊತ್ತಿಲ್ಲದಿದ್ದರೆ ಬೇಡವೆನ್ನಿ.

ಕೆಳಗೆ ಕಮಲಾಕ್ಷಮ್ಮನವರದೂ ಅದೇ ಮಾತು,
ಸ್ವಲ್ಪ ಖಾರವಾಗಿ.
"ಏನಕ್ಕೆ ಅಂತ ಗೊತ್ತಿಲ್ವಾ? ಕೊಡಲ್ಲ.
ಮನೇಲಿ ಕೇಳ್ಕೊಂಡು ಬಾ ಹೋಗು."
ಅವರ ಬೆನ್ನಿಗೆ ಇನ್ನೂರ ಹದಿನಾರು ಡ್ರಾಯರು.
ಕಣ್ಣು ಗಿರಾಕಿಯ ಮೇಲೇ ಇರುತ್ತದೆ,
ಕೈ ಹಿಂದಕ್ಕೆ ಹೋಗಿ ಬರುತ್ತದೆ.
ಬಾಣಂತಿ ಸಾಮಾನು ಎಂದರೆ ಮುಗಿಯಿತು,
ಹಿಪ್ಪಲಿ, ಒಣಶುಂಠಿ, ಓಮ, ಸಬ್ಬಸಿಗೆ ಬೀಜ
ಹೆಸರು ಹೇಳದೆಯೇ ಪೊಟ್ಟಣ ಸೇರುತ್ತವೆ.
(ನಮ್ಮಲ್ಲಿ ಇದಕ್ಕೆ ಸೆಲೆಕ್ಟ್ ಎನ್ನುತ್ತೇವೆ.)
ಹೋಮದ ಪಟ್ಟಿ ತರದವರಿಗೆ
ಸಮಿತ್ತಿನ ಕಟ್ಟು ಇದೆಯೆಂದೇ ತಿಳಿಯುವುದಿಲ್ಲ.
ಅದು ಡಿಪೆಂಡ್ಸ್ ಆನ್.

ಆಷಾಢದಲ್ಲಿ ವ್ಯಾಪಾರ ತಣ್ಣಗಿದ್ದಾಗ
ಶೆಟ್ಟರ ಅಕ್ಕನ ಮಗ ಸುಮುಖ
ಎಲ್ಲವನ್ನೂ ಅಕಾರಾದಿಗೆ ಜೋಡಿಸಿದ.
ಅಳಲೆಕಾಯಿಂದ ಹಿಪ್ಪಲಿಯವರೆಗೆ
ಪ್ರಿಂಟು ಹಾಕಿದ ಚೀಟಿ, ಮೇಲೆ ಟೇಪು.
ನೋಡಲು ಬಲು ಚಂದ.
ಮಾರನೇ ಬೆಳಿಗ್ಗೆ ಕಮಲಾಕ್ಷಮ್ಮನವರ ಕೈ
ಮೂವತ್ತೊಂದು ವರ್ಷದ ಜಾಗಕ್ಕೆ ಹೋಗಿ
ಜ್ಯೇಷ್ಠಮಧುವಿನ ಬದಲು ಬಜೆ ಹಿಡಿದು ಬಂತು.
ತಕ್ಕಡಿಗೆ ಹಾಕುವ ಮೊದಲು ಮೂಸಿದರು.
ಏನೂ ಅನ್ನಲಿಲ್ಲ.
ಎದ್ದು ಕಾಫಿಗೆ ಹೋದರು.

ಅಟ್ಟದಲ್ಲಿ ನಾನೂ ಅವತ್ತೇ ಒಂದು ಹೆಸರು ತಿದ್ದಿದ್ದೆ,
ಒಂದೇ ಒಂದು, ಉದ್ದ ಜಾಸ್ತಿ ಅಂತ.
ಹಳೆಯ ಪಟ್ಟಿ ಕೊಟ್ಟು ಕಟ್ಟಿದರೆ
ತಕರಾರಿಲ್ಲದೆ ಕಟ್ಟಿಕೊಂಡಿತು,
ತಪ್ಪು ಎನ್ನಲಿಲ್ಲ, ಜೋಕೆ ಎನ್ನಲಿಲ್ಲ,
ಗುರುತು ಸಿಗದ ಹೆಸರನ್ನು
ಸುಮ್ಮನೆ ಬಿಟ್ಟುಬಿಟ್ಟಿತು.
ಬಿಟ್ಟದ್ದು ರೂಟ್ ಡಿಸ್ಕಿನದು.
ಯಂತ್ರ ಎದ್ದಿತು, ತಡಕಿತು,
ಕಪ್ಪು ಪರದೆಯ ಮೇಲೆ
ಬೇರು ಸಿಗುತ್ತಿಲ್ಲವೆಂದು ನಿಂತೇ ಹೋಯಿತು.
ಮೂರು ಡ್ರಾಯರು ತುಂಬ ನಾರುಬೇರಿರುವ
ಕಟ್ಟಡದಲ್ಲಿ!

ಸಂಜೆ ಇಳಿದು ಹೋದೆ.
ಸುಮುಖ ಏಣಿಯ ಮೇಲೆ, ಅಂಗಿಯೆಲ್ಲ ಅರಿಶಿನ,
ಡ್ರಾಯರುಗಳು ಒಂದೊಂದಾಗಿ ಹಳೆಯ ಗೂಡಿಗೆ.
ಹುಡುಗ ಮತ್ತೆ ಚೀಟಿ ಅಂಟಿಸಿದರೆ
ಕಮಲಾಕ್ಷಮ್ಮ ಬೇಡವೆನ್ನಲಿಲ್ಲ.
"ಅಕ್ಷರ ಚೆನ್ನಾಗಿದೆ, ಇರಲಿ ಬಿಡು."
ಅಷ್ಟರಲ್ಲಿ ಬನ್ನೂರಿನ ಕಡೆಯ ಹೆಂಗಸೊಬ್ಬಳು
ಮಡಿಕೆಯಲ್ಲಿ ಹರಿದ ಕಾಗದ ಚಾಚಿದಳು,
ಅತ್ತೆಯ ಕಾಲದ ಪೆನ್ಸಿಲು.
ಅದರಲ್ಲಿದ್ದ ಮೂರನೆಯ ಹೆಸರು
ಯಾವ ಡ್ರಾಯರಿನ ಮೇಲೂ ಇಲ್ಲ.
ಕಮಲಾಕ್ಷಮ್ಮ ಓದಿದರು.
ಕೈ ಹಿಂದಕ್ಕೆ ಹೋಯಿತು.

ರಾತ್ರಿ ಮೆನುಗಳನ್ನು ಸರಿಸಿದೆ.
ಡಿಸ್ಕಿನವು ಒಂದೆಡೆ, ಮೆಮೊರಿಯವು ಒಂದೆಡೆ,
ತಂತಿಯವು ಕೊನೆಗೆ, ಸಿ.ಡಿ.ಯ ಇಬ್ಬರು
ಸಾಲಿನಲ್ಲಿ ಎಲ್ಲರ ಜೊತೆಗೇ ಎಲೆಗೆ ಕೂತರು.
ತಲೆಬರಹ ತಿದ್ದಿದೆ, ವಿವರದ ಕನ್ನಡಕ ಒರೆಸಿದೆ.
ಹೆಸರು ಮಾತ್ರ ಹಿಂದಿನಂತೆ ಬರೆದಿಟ್ಟೆ,
ಉದ್ದ, ಕುರೂಪ.
ಅಮಿಗಾದ ಹತ್ತಿರ ಬೆರಳು ನಿಂತಿತು.
ಎಲ್ಲಿ ಯಾರ ಟ್ರಂಕಿನ ತಳದಲ್ಲಿ
ಯಾವ ಡಿಸ್ಕು ಮಡಿಸಿಟ್ಟಿದೆಯೋ.
ಕೆಳಗೆ ಶಟರು ಎಳೆದ ಸದ್ದು, ಬೀಗ, ಮತ್ತೊಮ್ಮೆ ಜಗ್ಗಿ ನೋಡಿದ್ದು.
ಅಳಿಸಲೇ ಎಂದು ಎಡಿಟರು ಕೇಳಿತು.

ಬೇಡ ಎಂದೆ.