ಕಾಚಂಪುಳಿಯ ಸೊನ್ನೆ

ಗೋಣಿಕೊಪ್ಪದ ಬಸ್ ನಿಲ್ದಾಣದೆದುರು, ಮೆಡಿಕಲ್ ಶಾಪಿನ ಮಹಡಿಯಲ್ಲಿ
ನನ್ನ ಅಂಗಡಿ. ಒಂದು ಕಂಪ್ಯೂಟರು, ಒಂದು ಕಿಟಕಿ.
ಬಾಳೆಲೆಯ ದೇಚವ್ವ ಹಳೆ ಬ್ರಾಂದಿ ಬಾಟಲಿಯೊಂದನ್ನು
ಪೇಪರಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು.
"ಇದಕ್ಕೊಂದು ಲೇಬಲ್ಲು. ಹೆಸರಿನಿಂದ
ಹನಿ ಇಳೀತಾ ಇರಬೇಕು. ನೋಡಿದವರ
ಹಲ್ಲು ಜುಮ್ಮೆನ್ನಬೇಕು."

ಹನಿ ತಾನೇ,
ಇಪ್ಪತ್ತು ನಿಮಿಷದ ಕೆಲಸ ಎಂದುಕೊಂಡೆ.

ನೀರಿನ ಹನಿ ನನಗೆ ಕೈಗೆ ಬಂದಿದೆ:
ಬೆಳಕು ಎಡಗಡೆ ಮೇಲಿಂದ ಬಂದರೆ
ಹನಿಯೊಳಗೆ ಅದೇ ಎಡಮಗ್ಗುಲು ಕಪ್ಪಾಗಬೇಕು,
ಬಲದ ಕೆಳತುದಿ ಹೊಳೆಯಬೇಕು.
ಹೇಳಿದರೆ ಯಾರೂ ನಂಬುವುದಿಲ್ಲ.
ನೀರು ಬೆಳಕನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸುವುದಿಲ್ಲ,
ಒಳಗೆ ಕರೆದು, ಹಿತ್ತಿಲಲ್ಲಿ ಕೂರಿಸುತ್ತದೆ.
ಆಮೇಲೆ ನೆರಳು, ತೆಳ್ಳಗೆ, ಕೂದಲಷ್ಟು ಸರಿದು.
ಆಮೇಲೆ ಬಿಳಿಯ ಒಂದು ಚುಕ್ಕೆ. ಅಷ್ಟೆ, ಒದ್ದೆ.

ಹಾಗೇ ಮಾಡಿದೆ. ಕಂದು ಬಣ್ಣ ಹುಯ್ದೆ.
ಅಕ್ಷರಗಳ ಬುಡದಿಂದ ಹನಿ ಜಾರಿಸಿದೆ,
'ಪು'ವಿನ ಕೊಂಬಿನಿಂದ ಉದ್ದದ್ದೊಂದು.
ದೇಚವ್ವ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.
"ಇದು ಜೇನು, ಸಫಿಯಾ.
ನಮ್ಮದು ಹೀಗೆ ನಗೋದಿಲ್ಲ."

ಕಪ್ಪು ಮಾಡಿದೆ. ಡಾಂಬರಾಯಿತು.
ಹೊಳಪು ಕೊಟ್ಟೆ. ಪ್ಲಾಸ್ಟಿಕ್ ಗುಂಡಿಯಾಯಿತು.
ಹೊಳಪು ತೆಗೆದೆ. ಲೇಬಲ್ಲಿಗೇ ತೂತು ಬಿದ್ದಂತಾಯಿತು.
ಹದಿನೇಳು ಲೇಯರು, ಒಂದರ ಮೇಲೊಂದು,
ಒಂದರಲ್ಲೂ ಹುಳಿಯಿಲ್ಲ.

ಅವರು ಹೇಳುತ್ತಾ ಕೂತರು, ಅವಸರವಿಲ್ಲದೆ:
ಮಳೆಗಾಲದಲ್ಲಿ ಪನಪುಳಿ ಹಣ್ಣು ಆಯ್ದು ತಂದು
ಬುಟ್ಟಿಯಲ್ಲಿ ಪೇರಿಸಬೇಕು, ಕೆಳಗೊಂದು ಪಾತ್ರೆ.
ಹಿಂಡಬಾರದು. ತಾನಾಗಿ ಕೊಳೆತು, ಸೋತು,
ಅದೇ ಬಿಟ್ಟುಕೊಡಬೇಕು.
ರಾತ್ರಿ ಮಗ್ಗುಲು ಬದಲಿಸಿದರೆ ಕೇಳಿಸುತ್ತದೆ, ಟಪ್ಪು, ಬಹಳ ಹೊತ್ತಿಗೊಮ್ಮೆ.
ಆಮೇಲೆ ಒಲೆ. ಒಂದು ಹಂಡೆ ರಸ
ಬಾಟಲಿಯಷ್ಟಾಗುವ ತನಕ ಒಲೆ.
"ಅಷ್ಟು ಕಾದದ್ದನ್ನು ನೀನು
ಊಟದೊಳಗೆ ಇಳಿಸ್ತೀಯಾ?"

ನಮ್ಮ ಮನೆಯಲ್ಲೂ ಇದೆ ಒಂದು ಬಾಟಲಿ.
ಅವರಿಗೆ ಪಂದಿಕರಿಗೆ, ನನ್ನ ಉಮ್ಮನಿಗೆ ಮತ್ತಿ ಸಾರಿಗೆ.
ವಾಸನೆ ಗೊತ್ತು. ನಾಲಿಗೆಗೂ ಗೊತ್ತು.
ಒಮ್ಮೆಯೂ ನೋಡಿರಲಿಲ್ಲ.

"ನೋಡು" ಎಂದು ದೇಚವ್ವ
ಬಾಟಲಿ ಬಾಗಿಸಿ, ಮೌಸಿನ ಪಕ್ಕ,
ಬಿಳಿ ಸನ್‌ಮೈಕಾದ ಮೇಲೆ ಒಂದೇ ಹನಿ ಬಿಟ್ಟರು.

ಹರಿಯಲಿಲ್ಲ. ಕೂತಿತು,
ಬೆನ್ನು ಉಬ್ಬಿಸಿ.
ಬೆಳಕನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ,
ಅಂಚಿನಲ್ಲಷ್ಟೇ ಕೂದಲೆಳೆಯ ಕೆಂಪು,
ಬೀಡಿ ಆರುವ ಮೊದಲಿನದು.
ಮತ್ತೆ ಆ ಕಪ್ಪು ಬೆನ್ನ ಮೇಲೆ
ನನ್ನ ಕಿಟಕಿ! ನಾಲ್ಕು ಸರಳು, ಬಾಗಿಕೊಂಡು,
ಟ್ಯೂಬ್‌ಲೈಟು, ಎಳ್ಳಿನಷ್ಟು ನಾನು, ಎಳ್ಳಿನಷ್ಟು ದೇಚವ್ವ,
ಆಚೆ ಕುಟ್ಟದ ಬಸ್ಸು ಕೆಂಪಗೆ
ಹನಿಯ ಈ ಕೊನೆಯಿಂದ ಆ ಕೊನೆಗೆ ಹೊರಟುಹೋಯಿತು.

ಕಪ್ಪಿಗೆ ತನ್ನದೆಂಬ ಹೊಳಪಿಲ್ಲ.
ಎದುರಿಗೇನಿದೆಯೋ ಅದನ್ನೇ ಕೈಗಡ ಪಡೆಯುತ್ತದೆ.
ನಾನು ಎದುರಿಗೆ ಏನೂ ಇಟ್ಟಿರಲಿಲ್ಲ.

ಜಾರುವ ಹನಿಗಳನ್ನೆಲ್ಲ ಅಳಿಸಿದೆ.
'ಚ'ದ ಪಕ್ಕ ಒಂದು ಸೊನ್ನೆಯಿತ್ತು, ಮೊದಲಿಂದಲೂ,
ತನ್ನಷ್ಟಕ್ಕೆ ನಿಲ್ಲಲಾರದೆ ಮೂಗಿನಲ್ಲಿ ಮುಗಿಯುವ ಸೊನ್ನೆ.
ಅದನ್ನೇ ತುಂಬಿದೆ. ಬೆನ್ನು ಉಬ್ಬಿಸಿದೆ. ಅಂಚಿಗೆ ಕೆಂಪು.
ಫೋನಿನಲ್ಲಿ ನಮ್ಮ ಕಿಟಕಿಯ ಪಟ ಹಿಡಿದು,
ಗೋಲಿಗೆ ಸುತ್ತಿದಂತೆ ಬಾಗಿಸಿ, ಕುಗ್ಗಿಸಿ, ಅಂಟಿಸಿದೆ.
ದೇಚವ್ವ ಬಾಯಿ ಚಪ್ಪರಿಸಿದರು.
ಮುಂಗಡ ಇನ್ನೂರು ಕೊಟ್ಟು, ಬಾಟಲಿ ಮರೆತು ಹೋದರು.
ಮರೆತದ್ದೋ, ಬಿಟ್ಟದ್ದೋ.

ಸಂಜೆ ಮೇಜೊರೆಸಿದೆ. ಹನಿ ಕೂತಲ್ಲಿ
ಕಂದು ಉಂಗುರ. ಸೋಪಿಗೂ ಹೋಗಲಿಲ್ಲ.
ಎಡಗೈ ಬೆರಳು ತಾನಾಗಿ ಕಂಟ್ರೋಲ್ ಝಡ್ ಕಡೆ ಹೋಗಿ
ನಾಚಿಕೊಂಡಿತು.

ಗುರುವಾರ ಮೈಸೂರಿನ ಪ್ರೆಸ್ಸಿನಿಂದ ಫೋನು:
"ಮೇಡಂ, ಸೊನ್ನೆಯೊಳಗೆ ಏನೋ ಬಿಳಿ ಕಲೆ ಬಂದಿದೆ,
ಧೂಳಿರಬೇಕು. ಕ್ಲೀನ್ ಮಾಡಿಬಿಡ್ಲಾ?"

ಬೇಡ ಎಂದೆ. ಅದು ಕಿಟಕಿ.
"ಕಿಟಕೀನಾ?"
ಹೌದು, ಗೋಣಿಕೊಪ್ಪದ್ದು.