ಏನು ಹೆಕ್ಕುತ್ತಿದ್ದಳು

ಇಳಿತಕ್ಕೆ ಇನ್ನೂ ಮುಕ್ಕಾಲು ಗಂಟೆ.
ತದಡಿಯ ದಕ್ಕೆಯ ಮೇಲೆ, ಒಣಗಿದ ಬಲೆಯ ರಾಶಿಗೆ ಒರಗಿ
ಭಾವ ಜಟ್ಟಪ್ಪ ಮೊಬೈಲು ತೆಗೆಯುತ್ತಾನೆ.
ಹಡಗಿನ ಎಂಜಿನ್ನಿಗೆ ಎಣ್ಣೆ ಹಾಕುವವ, ಒಂಬತ್ತು ತಿಂಗಳ ಮೇಲೆ ಬಂದವ.
ಚೀನಾದಲ್ಲಿ ಹಡಗು ದುರಸ್ತಿಗೆ ನಿಂತಿತಂತೆ,
ರಜೆ ಕೊಟ್ಟರಂತೆ,
ರೈಲು ಹತ್ತಿ ಹೋದರಂತೆ ಲೀ ಎಂಬ ಹೊಳೆ ನೋಡಲು.

"ಹೊಳೆಯ ಬಾಯಲ್ಲೇ ಹುಟ್ಟಿದವ, ದುಡ್ಡು ಕೊಟ್ಟು ಹೊಳೆ ನೋಡಿದೆಯಾ?"
ಮಾಸ್ತಿ ನಗುತ್ತಾಳೆ, ಬಾಯಲ್ಲಿ ಕವಳ.
ನಾನು ನಗುವುದಿಲ್ಲ. ನೋಡುತ್ತೇನೆ.

ಮೂರಂತಸ್ತಿನ ದೋಣಿ. ಬಿಳಿ ಬಟ್ಟೆ ಹಾಸಿದ ಮೇಜು.
ಹಿಂದುಗಡೆ ನೀರಿಗೆ ಬಾಗಿದ ಗೇಣಗಲದ ಅಡುಗೆಮನೆ,
ಬಾಣಲೆಯಿಂದ ಹೊಗೆ. ಸಿಗಡಿ, ಏಡಿ.
"ಪಾತ್ರೆ ತೊಳೆಯುವುದು ಯಾರು?" ಕೇಳುತ್ತೇನೆ.
ಅವನಿಗೆ ಗೊತ್ತಿಲ್ಲ.

ಗುಡ್ಡಗಳು ಬರುತ್ತವೆ. ಗುಡ್ಡ ಅಂದರೆ ಗುಡ್ಡವಲ್ಲ,
ಯಾಣದ ಬಂಡೆಗೆ ಹಸಿರು ಹತ್ತಿಸಿ, ಒಂದನ್ನು ನೂರು ಮಾಡಿ
ಹೊಳೆಯ ಎರಡೂ ಕಡೆ ನಿಲ್ಲಿಸಿದ ಹಾಗೆ.
ಜನ ಬಲಕ್ಕೆ ಓಡುತ್ತಾರೆ, ಎಡಕ್ಕೆ ಓಡುತ್ತಾರೆ,
ದೋಣಿ ವಾಲುವುದಿಲ್ಲ. ನನಗೆ ಅದೇ ಸೋಜಿಗ.
ಒಂದು ಕಡೆ ಎಲ್ಲರೂ ಇಪ್ಪತ್ತರ ನೋಟು ಎತ್ತಿ ಹಿಡಿಯುತ್ತಾರೆ:
ನೋಟಿನೊಳಗೂ ಅದೇ ಗುಡ್ಡ, ಅದೇ ಹೊಳೆ.
ಆಮೇಲೆ ಬಿದಿರಿನ ತೆಪ್ಪದಲ್ಲಿ ಒಬ್ಬ ಮುದುಕ,
ಹೆಗಲ ಕೋಲಿನ ಎರಡು ತುದಿಗೆ ಎರಡು ನೀರುಕಾಗೆ.
ಕುತ್ತಿಗೆಗೆ ದಾರ ಕಟ್ಟುತ್ತಾರಂತೆ, ಹಿಡಿದ ಮೀನು ನುಂಗದ ಹಾಗೆ.
"ಈಗ ಮೀನು ಹಿಡಿಯುವುದಿಲ್ಲ, ಫೋಟೋಕ್ಕೆ ನಿಲ್ಲುತ್ತಾನೆ ಅಷ್ಟೆ."
ದಾರ ಬಿಚ್ಚಿದರಾ ಎಂದು ನಾನು ಕೇಳಲಿಲ್ಲ.

ಆಗ, ಮುದುಕನ ಹಿಂದೆ, ದಡದ ಹತ್ತಿರ,
ಮೊಣಕಾಲು ಮುಳುಗುವ ನೀರಲ್ಲಿ
ಒಬ್ಬಳು ಬಗ್ಗಿದ್ದಾಳೆ.
ತಲೆಗೆ ಅಗಲ ಟೊಪ್ಪಿ, ಬೆನ್ನಿಗೆ ಬುಟ್ಟಿ.
ಮೂರು ಸೆಕೆಂಡು. ಭಾವನ ಕೈ ಗುಡ್ಡಕ್ಕೆ ತಿರುಗಿತು.

"ಹಿಂದೆ ಹಾಕು."
ಹಾಕಿದ.
"ಇನ್ನೊಮ್ಮೆ."
"ಅಲ್ಲೇನುಂಟು ಸುಬ್ಬಿ? ಮುಂದೆ ಜಲಪಾತ ಉಂಟು."
"ಏನು ಹೆಕ್ಕುತ್ತಿದ್ದಾಳೆ ಅವಳು?"
"ಹುಲ್ಲಿರಬೇಕು. ಯಾರಿಗೆ ಗೊತ್ತು."

ಹುಲ್ಲಲ್ಲ. ಹುಲ್ಲು ಕೀಳುವವಳ ಮೊಣಕೈ ಹಿಂದಕ್ಕೆ ಏಳುತ್ತದೆ.
ಇವಳ ಭುಜ ಒಂದೇ ಕಡೆ ಇಳಿದಿದೆ,
ಮುಖ ನೀರು ನೋಡುತ್ತಿಲ್ಲ, ಎತ್ತಲೋ ಇದೆ.
ಕೆಸರಿನೊಳಗೆ ಬೆರಳೇ ಕಣ್ಣಾದಾಗ ಮುಖಕ್ಕೆ ಕೆಲಸವಿಲ್ಲ.
ಇಪ್ಪತ್ತೆರಡು ವರ್ಷದಿಂದ ನನ್ನದೂ ಹಾಗೇ ಖಾಲಿ;
ಗಂಡ ಹೇಳುತ್ತಿದ್ದ, "ಬಡ್ಡಿ ಲೆಕ್ಕ ಮಾಡುವವಳ ಹಾಗೆ."

ಭಾವ ನನಗೊಂದು ಇಪ್ಪತ್ತರ ನೋಟು ಕೊಟ್ಟ. ಇಲ್ಲಿ ನಡೆಯದ್ದು.
ಗುಡ್ಡ ಉಂಟು, ಹೊಳೆ ಉಂಟು, ತೆಪ್ಪದವನೂ ಉಂಟು ಇರುವೆಯಷ್ಟು.
ದಡವನ್ನೆಲ್ಲ ಉಗುರಲ್ಲಿ ಹುಡುಕಿದೆ.
ಅವಳಿಲ್ಲ.

ನೀರು ಜಾರಿತು. ಅಘನಾಶಿನಿಯ ನಡುವೆ
ಮರಳ ದಿಬ್ಬ ಬೆನ್ನು ತೋರಿಸಿತು.
ಸೀರೆ ಎತ್ತಿ ಕಟ್ಟಿ ಇಳಿದೆವು, ಮಾಸ್ತಿ, ನಾನು,
ಕಾಗಾಲದ ಆ ಇಬ್ಬರು ಹುಡುಗಿಯರು.
ಮೊದಲ ಬಳಚು ಬೆರಳಿಗೆ ಸಿಕ್ಕಿತು, ಬಾಯಿ ಕಚ್ಚಿಕೊಂಡು, ಹಟಮಾರಿ.
ಅಲ್ಲಿಯ ಹೊಳೆಗೆ ಉಪ್ಪಿಲ್ಲವಂತೆ, ಸಮುದ್ರ ಬಹಳ ದೂರವಂತೆ.
ಹಾಗಾದರೆ ಬಸವನಹುಳವೋ? ಗಡ್ಡೆಯೋ? ಏನದು?
ಬುಟ್ಟಿ ತುಂಬುವವರೆಗೂ ಅದೇ.

ಹೊತ್ತೇರಿದ ಮೇಲೆ ಗೋಕರ್ಣದ ಟೂರಿಸ್ಟ್ ದೋಣಿ ಬಂತು.
ಕಿತ್ತಳೆ ಬಣ್ಣದ ಜಾಕೆಟ್ಟುಗಳು, ಹಾಡು,
ಕಾಂಡ್ಲದ ಮೇಲೆ ಕೂತ ಗರುಡನತ್ತ ಎತ್ತಿದ ಫೋನುಗಳು.
ಒಂದು ಫೋನು ನಮ್ಮ ಮೇಲೆ ಹಾದು ಹೋಗುತ್ತಿತ್ತು.

ನಾನು ನೆಟ್ಟಗಾದೆ. ಸೊಂಟ ಲಟಕ್ಕೆಂದಿತು.
ದೊಡ್ಡದೊಂದು ಬಳಚು ಆರಿಸಿ, ಸೆರಗಿಗೆ ಒರೆಸಿ
ಎರಡು ಬೆರಳ ನಡುವೆ ಎತ್ತಿ ಹಿಡಿದೆ,
ನೋಟು ಹಿಡಿದವರ ಹಾಗೆ.
"ಏನೇ, ಅವರಿಗೆ ಮಾರುತ್ತೀಯಾ?" ಅಂದಳು ಮಾಸ್ತಿ.

ಅಲ್ಲ.
ಯಾವ ಊರಲ್ಲೋ ಯಾವಳೋ ಒಬ್ಬಳು
ಹಿಂದೆ ಹಾಕು, ಇನ್ನೊಮ್ಮೆ ಹಾಕು ಅಂದರೆ
ಅವಳಿಗೆ ಗೊತ್ತಿರಲಿ ಅಂತ.