ಡಿಸೆಂಬರಿನಲ್ಲಿ ಫ್ಯಾನು

ಅಬ್ಬಾಸಿಯಾದ ಶಾಲೆಯಲ್ಲಿ ನಾನು ನರ್ಸಮ್ಮ.
ಹದಿನಾಲ್ಕು ವರ್ಷದ ರಿಜಿಸ್ಟರುಗಳು ಕಪಾಟಿನಲ್ಲಿವೆ,
ನೀಲಿ ರಟ್ಟಿನವು, ಬೆನ್ನು ಹರಿದವು.
ಹೆಸರು, ತರಗತಿ, ದೂರು, ಕೊಟ್ಟದ್ದು.
ತರಚಿದ ಮಂಡಿ: ಡೆಟಾಲ್, ಹತ್ತಿ.
ಮೂಗಿನಲ್ಲಿ ರಕ್ತ: ಐಸು.
ಹೊಟ್ಟೆನೋವು: ಓಮದ ನೀರು, ಹತ್ತು ನಿಮಿಷ ಮಲಗು.

ಕುವೈತಿನಲ್ಲಿ ವಾರ ಶುರುವಾಗುವುದು ಭಾನುವಾರ.
ಭಾನುವಾರದ ಪುಟಗಳಲ್ಲೇ ಹೊಟ್ಟೆನೋವು ಜಾಸ್ತಿ.
ಅದು ಕಣ್ಣಿಗೆ ಬೀಳಲು ನನಗೆ ಏಳು ವರ್ಷ ಬೇಕಾಯಿತು,
ಹೇಳಿಕೊಳ್ಳಲು ನಾಚಿಕೆ.

ಐದನೇ ಕ್ಲಾಸಿನ ಒಬ್ಬ. ಶಮಿತ್ ಅನ್ನೋಣ,
ಅದು ಅವನ ಹೆಸರಲ್ಲ.
ಅಕ್ಟೋಬರಿನವರೆಗೆ ನನ್ನ ಹೊಸಿಲು ತುಳಿದವನಲ್ಲ.
ಡಿಸೆಂಬರು ಹೊಕ್ಕಿದ್ದೇ ತಡ,
ದಿನಾ ಮೂರನೇ ಪೀರಿಯಡ್ಡಿಗೆ ಹಾಜರು.
ಒತ್ತಿ ನೋಡಿದೆ. ಹೊಟ್ಟೆ ಮೆತ್ತಗಿತ್ತು.
ಎಲ್ಲಿ ನೋವು ಮಗಾ ಅಂದರೆ
ಬೆರಳು ಹೊಕ್ಕುಳಿನಿಂದ ಹೊರಟು, ಮೇಲೆ ಬಂದು,
ಅಂಗಿಯ ಎರಡನೇ ಗುಂಡಿಯಲ್ಲಿ ಸಿಕ್ಕಿಕೊಂಡಿತು.

ಆರನೇ ದಿನ ಗೋಡೆಗೆ ಹೇಳಿದ ಹಾಗೆ ಹೇಳಿದ:
ನಮ್ಮದು ಶೇರಿಂಗ್ ಫ್ಲ್ಯಾಟು, ಸಿಸ್ಟರ್.
ಹಾಲಿನಲ್ಲಿ ಬೇರೆಯವರು. ಪರದೆಯ ಆಚೆ ಅವರ ಟೀವಿ.
ಅಪ್ಪನಿಗೆ ಅಹ್ಮದಿಯಲ್ಲಿ ನೈಟ್ ಶಿಫ್ಟು, ಹಗಲು ನಿದ್ದೆ.
ಸದ್ದು ಮಾಡಬೇಡ ಅಂತಾಳೆ ಅಮ್ಮ.
ಅಳು ಬಂದರೆ ಎಸಿ ಶುರುವಾಗೋವರೆಗೆ ಕಾಯ್ತೇನೆ.
ಅದು ಗುರ್ರ್ ಅಂದಾಗ ಅಳ್ತೇನೆ,
ನಿಂತಾಗ ನಿಲ್ಲಿಸ್ತೇನೆ.
ಈಗ ಚಳಿ.
ಎಸಿ ಹಾಕೋದಿಲ್ಲ.

ಓಮದ ನೀರಿನ ಬಾಟಲಿ ಕೈಯಲ್ಲಿತ್ತು.
ಮುಚ್ಚಳ ಯಾವ ಕಡೆಗೆ ತಿರುಗಿಸುವುದೆಂದು ಮರೆತುಹೋಯಿತು.

ಯಾಕೆ ಅಳು? ಗೊತ್ತಿಲ್ಲ ಅಂದ.
ನಮಗೆಲ್ಲ ಗೊತ್ತಿದ್ದೇ ಬರುತ್ತದಾ?

ಸಂಘದ ಕಾರ್ಯದರ್ಶಿ ಕೋಟ್ಯಾನರ ಬೆನ್ನು ಬಿದ್ದು
ವಾರ್ಷಿಕೋತ್ಸವದಲ್ಲಿ ಐದು ನಿಮಿಷ ಗಿಟ್ಟಿಸಿದೆ,
ಛದ್ಮವೇಷ ಮುಗಿದು ಲಕ್ಕಿ ಡ್ರಾ ಎತ್ತುವ ಮುಂಚೆ.
'ಮಕ್ಕಳ ಆರೋಗ್ಯ' ಅಂತ ಹಾಕುವ, ಅಂದರು ಅವರು,
ಮನಸ್ಸು ಅಂದರೆ ಜನ ಬೇರೆ ಎಂತದೋ ತಿಳೀತಾರೆ ಮಾರಾಯ್ತಿ.

ಮೊದಲ ಸಾಲಿನಲ್ಲಿ ಬಾಳೆಹಣ್ಣಿನ ವೇಷದ ಮಗು ನಿದ್ದೆಹೋಗಿತ್ತು.
ಹಿಂದಿನಿಂದ ಯಾರೋ ಕೂಗಿದರು,
ಮಕ್ಕಳಿಗೆಂತ ಟೆನ್ಶನ್? ಫೀಸು ಕಟ್ಟೋದು ನಾವು!
ಎಲ್ಲರೂ ನಕ್ಕರು.
ನಾನೂ ನಕ್ಕೆ, ಅದು ತಪ್ಪು.
ಬರೆದು ತಂದ ಚೀಟಿಯ ಅಕ್ಷರಗಳು ಇರುವೆಗಳಾಗಿ ಚದುರಿದವು.
ಕೊನೆಗೆ ಕೇಳಿದ್ದು ಇಷ್ಟೇ:
ನಿಮ್ಮ ಮನೆಯಲ್ಲಿ
ಮಗು ಅಳುವ ಜಾಗ ಯಾವುದು?
ಮೈಕು ಕುಂಯ್ ಎಂದಿತು.
ಮೊದಲ ಬಹುಮಾನ, ಮಿಕ್ಸಿ.

ಪಾರ್ಕಿಂಗಿನ ಮರಳಿನಲ್ಲಿ ಹಿಂದೆ ಓಡಿಬಂದವಳ
ಎದೆಗವಚಿತ್ತು ಅದೇ ಮಿಕ್ಸಿಯ ಡಬ್ಬ.
ಡಾಕ್ಟರರ ನಂಬರು ಇದ್ದರೆ ಕೊಡ್ತೀರಾ,
ನಮಗಲ್ಲ, ಪಕ್ಕದ ಮನೆಯವರ ಮಗಳಿಗೆ.
ಕೊಟ್ಟೆ. ಪಕ್ಕದ ಮನೆಯವರಿಗೆ ಹೇಳಿ,
ಇದೂ ಜ್ವರದ ಹಾಗೆ, ಯಾರ ಮರ್ಯಾದೆಯೂ ಹೋಗುವುದಿಲ್ಲ ಅಂದೆ.
ಡಬ್ಬದ ಮೇಲೆಯೇ ಬರೆದುಕೊಂಡಳು.
ಅಂಕಿ ಓರೆಯಾಯಿತು, ತಿದ್ದಿದಳು.

ಆ ವಾರ ಹನ್ನೊಂದು ಫೋನು.
ಎಲ್ಲವೂ ಪಕ್ಕದ ಮನೆಯವರಿಗಾಗಿ.
ಅಬ್ಬಾಸಿಯಾದಲ್ಲಿ ಇಷ್ಟೊಂದು ಪಕ್ಕದ ಮನೆಗಳಿವೆಯೆಂದು
ನನಗೆ ಗೊತ್ತೇ ಇರಲಿಲ್ಲ.

ಶಮಿತನ ತಾಯಿ ಒಮ್ಮೆ ಬಂದು ಕೂತು ಹೋದಳು.
ಅಪ್ಪ ಇನ್ನೂ ಬಂದಿಲ್ಲ. ಬರಬಹುದು.
ಸ್ಟೋರಿನಿಂದ ಹಳೆಯ ಟೇಬಲ್ ಫ್ಯಾನೊಂದನ್ನು ತರಿಸಿದ್ದೇನೆ,
ರೆಕ್ಕೆ ಕಂಬಿಗೆ ಬಡಿದು ಲಟಲಟ ಅನ್ನುವಂಥದ್ದು.
ದೂರಿನ ಕಾಲಮಿನಲ್ಲಿ ಇವತ್ತು
ಹೊಟ್ಟೆನೋವು ಎಂದು ಬರೆಯಲು ಹೋಗಿ, ಹೊಡೆದುಹಾಕಿ,
ಅಳು ಎಂದು ಬರೆದೆ.

ಸ್ವೆಟರು ಎಳೆದುಕೊಳ್ಳುತ್ತ ಪ್ರಿನ್ಸಿಪಾಲರು ಇಣುಕಿದರು:
ಈ ಚಳಿಯಲ್ಲಿ ಫ್ಯಾನು ಯಾಕಮ್ಮ?
ಮಂಚದ ಸುತ್ತ ಹಸಿರು ಪರದೆ ಎಳೆದಿತ್ತು,
ಕೆಳಗೆ ಎರಡು ಪುಟ್ಟ ಬೂಟು.

ಸೆಖೆ ಸರ್, ಅಂದೆ.